ಕಂದು ಬಣ್ಣ ಯಾರದ್ದು?

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ವೈದ್ಯರು ರೋಗಿಯ ರಕ್ತಹೀನತೆಗೆ ಅಂಜುತ್ತಾರೆ. ಗಡ್ಡೆಯೊಳಗೆ ಆಮ್ಲಜನಕ ಕಡಿಮೆಯಾದಷ್ಟೂ ಅಲ್ಲಿನ ಕೋಶಗಳು ವಿಕಿರಣವನ್ನು ತಾಳಿಕೊಂಡು ಉಳಿದುಬಿಡುತ್ತವೆ. ಹಿಮೋಗ್ಲೋಬಿನ್ ಏರಿಸಿದರೆ ಗಡ್ಡೆಗೆ ಆಮ್ಲಜನಕ ಹೆಚ್ಚು ಸಿಗುತ್ತದೆ, ಚಿಕಿತ್ಸೆ ಚೆನ್ನಾಗಿ ನಾಟುತ್ತದೆ ಎಂಬುದು ಸಹಜವಾದ ಎಣಿಕೆ. ಜರ್ಮನಿಯ ಫ್ರೈಬರ್ಗಿನ ಮೈಕೆಲ್ ಹೆಂಕೆ ಮತ್ತು ಸಂಗಡಿಗರು 351 ರೋಗಿಗಳಲ್ಲಿ ಈ ಎಣಿಕೆಯನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ವಿಕಿರಣದ ಜೊತೆ ಎರಿತ್ರೊಪೊಯೆಟಿನ್ ಚುಚ್ಚುಮದ್ದು, ಇನ್ನೊಂದು ಗುಂಪಿಗೆ ಔಷಧವಿಲ್ಲದ ಚುಚ್ಚುಮದ್ದು. 2003ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಫಲಿತಾಂಶ ಎಣಿಕೆಗೆ ತದ್ವಿರುದ್ಧವಾಗಿತ್ತು. ಔಷಧ ಪಡೆದವರ ಹಿಮೋಗ್ಲೋಬಿನ್ ಏರಿತ್ತು. ಆದರೆ ಅವರಲ್ಲೇ ಕ್ಯಾನ್ಸರ್ ಮರುಕಳಿಸಿದ್ದು ಹೆಚ್ಚು, ಸಾವೂ ಹೆಚ್ಚು.

ಹೀಗೇಕಾಯಿತು? ರಕ್ತಕಣಗಳನ್ನು ಹುಟ್ಟಿಸುವ ಕೋಶಗಳ ಮೈಮೇಲೆ ಎರಿತ್ರೊಪೊಯೆಟಿನ್ನನ್ನು ಹಿಡಿದುಕೊಳ್ಳುವ ರಿಸೆಪ್ಟರ್, ಅಂದರೆ ಗ್ರಾಹಿ, ಇರುತ್ತದೆ. ಅದೇ ಗ್ರಾಹಿ ಕ್ಯಾನ್ಸರ್ ಕೋಶಗಳ ಮೇಲೂ ಇದ್ದರೆ, ರಕ್ತ ಹೆಚ್ಚಿಸಲೆಂದು ಕೊಟ್ಟ ಔಷಧ ಗಡ್ಡೆಯನ್ನೂ ಬೆಳೆಸುತ್ತಿರಬಹುದಲ್ಲ! ಇದನ್ನು ನೋಡಲು ದಾರಿಯೂ ಇತ್ತು. ರೋಗಿಗಳಿಂದ ತೆಗೆದ ಗಡ್ಡೆಯ ತುಣುಕುಗಳು ಮೇಣದಲ್ಲಿ ಭದ್ರವಾಗಿದ್ದವು. ಅವುಗಳಿಂದ ತೆಳುವಾದ ಪದರ ಕತ್ತರಿಸಿ, ಗ್ರಾಹಿಗೆ ಅಂಟುವ ಪ್ರತಿಕಾಯವೊಂದನ್ನು ಹಾಕಿದರೆ ಸಾಕು. ಗ್ರಾಹಿ ಇದ್ದ ಕಡೆ ಕಂದು ಬಣ್ಣ ಮೂಡುತ್ತದೆ.

154 ರೋಗಿಗಳ ತುಣುಕುಗಳನ್ನು ಹಾಗೆ ಪರೀಕ್ಷಿಸಲಾಯಿತು. 104 ಕಂದಾದವು. ಕಂದಾದ ಗುಂಪಿನಲ್ಲಿ, ಔಷಧ ಪಡೆದವರಿಗೆ ಕ್ಯಾನ್ಸರ್ ಅದೇ ಜಾಗದಲ್ಲಿ ಮತ್ತೆ ಬೆಳೆಯುವ ಅಪಾಯ ಪಡೆಯದವರಿಗಿಂತ ಸುಮಾರು ಎರಡು ಪಟ್ಟಾಗಿತ್ತು. ಕಂದಾಗದ ಗುಂಪಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2006ರಲ್ಲಿ ಪ್ರಕಟವಾದ ಈ ವರದಿಯನ್ನು ಓದಿದವರಿಗೆ ಒಗಟು ಬಿಡಿಸಿದಂತೆಯೇ ಕಂಡಿರಬೇಕು. ಸ್ಲೈಡಿನ ಮೇಲೆ ಹಾಕಿದ ಪ್ರತಿಕಾಯದ ಹೆಸರು ಸಿ-20. ಅದು ನಿಜಕ್ಕೂ ಅಂಟಿದ್ದು ಯಾವುದಕ್ಕೆ ಎಂಬ ಪ್ರಶ್ನೆ ಅದೇ ವರ್ಷ ಇನ್ನೊಂದು ಪ್ರಯೋಗಾಲಯದಿಂದ ಎದ್ದಿತು.

ಎರಿತ್ರೊಪೊಯೆಟಿನ್ ನಮ್ಮ ಜನಕ್ಕೆ ಅಪರಿಚಿತವೇನಲ್ಲ. ಡಯಾಲಿಸಿಸ್‌ಗೆ ಹೋಗುವವರು ‘ಇಪಿಒ ಇಂಜೆಕ್ಷನ್’ ಎನ್ನುವುದು ಇದನ್ನೇ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೂತ್ರಪಿಂಡ ಈ ಹಾರ್ಮೋನನ್ನು ಸ್ರವಿಸುತ್ತದೆ. ಅದು ಅಸ್ಥಿಮಜ್ಜೆಯನ್ನು ಸೇರಿ, ಕೆಂಪು ರಕ್ತಕಣಗಳಾಗಬೇಕಾದ ಎಳೆಯ ಕೋಶಗಳನ್ನು ಸಾಯಗೊಡದೆ ಬೆಳೆಸುತ್ತದೆ. ಮೂತ್ರಪಿಂಡ ಕೆಟ್ಟವರಲ್ಲಿ ಹಾರ್ಮೋನು ಸಾಲದೆ ರಕ್ತ ಕುಸಿಯುತ್ತದೆ; ಹೊರಗಿನಿಂದ ಕೊಡಬೇಕಾಗುತ್ತದೆ. ಈ ವಸ್ತುವನ್ನು ಶುದ್ಧವಾಗಿ ಪಡೆಯಲು ಶಿಕಾಗೋದ ಯೂಜೀನ್ ಗೋಲ್ಡ್‌ವಾಸರ್ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದರು. ಕೊನೆಗೆ ಜಪಾನಿನ ತಕಾಜಿ ಮಿಯಾಕೆ ತೀವ್ರ ರಕ್ತಹೀನತೆಯ ರೋಗಿಗಳಿಂದ 2,550 ಲೀಟರ್ ಮೂತ್ರ ಸಂಗ್ರಹಿಸಿದರು. 1977ರಲ್ಲಿ ಅದರಿಂದ ಕೈಗೆ ಬಂದದ್ದು ಕೆಲವೇ ಮಿಲಿಗ್ರಾಂ. ಆ ಚೂರನ್ನು ಆಧಾರವಾಗಿಟ್ಟುಕೊಂಡು ಆಮ್ಜೆನ್ ಕಂಪನಿಯ ಫು-ಕುಯೆನ್ ಲಿನ್ 1983ರಲ್ಲಿ ಜೀನನ್ನು ಹಿಡಿದರು. 1989ರ ಜೂನ್‌ನಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಪರವಾನಗಿ ಸಿಕ್ಕಿತು.

ಗ್ರಾಹಿಯ ಜೀನು ಪತ್ತೆಯಾದದ್ದೂ ಅದೇ 1989ರಲ್ಲಿ, ಅಮೆರಿಕದ ಹಾರ್ವೆ ಲೋಡಿಶ್ ಅವರ ಪ್ರಯೋಗಾಲಯದಲ್ಲಿ, ಅಲನ್ ಡಿ’ಆಂಡ್ರಿಯಾ ಅವರ ಕೈಯಲ್ಲಿ. ಮನುಷ್ಯರ ಗ್ರಾಹಿ 508 ಅಮೈನೊ ಆಮ್ಲಗಳ ಸರಪಣಿಯಾಗಿ ತಯಾರಾಗುತ್ತದೆ. ಅದರ ಒಂದು ಭಾಗ ಕೋಶದ ಹೊರಗೆ ಚಾಚಿಕೊಂಡಿರುತ್ತದೆ, ಒಂದು ಸಣ್ಣ ತುಂಡು ಕೋಶಪೊರೆಯನ್ನು ಹಾಯುತ್ತದೆ, ಉಳಿದದ್ದು ಬಾಲದಂತೆ ಒಳಗಿರುತ್ತದೆ. ಹೊರಗೆ ಹಾರ್ಮೋನು ಬಂದು ಕೂತರೆ ಒಳಗಿನ ಬಾಲಕ್ಕೆ ಅಂಟಿಕೊಂಡ ಜ್ಯಾಕ್2 ಎಂಬ ಕಿಣ್ವ ಎಚ್ಚರಗೊಂಡು ಸುದ್ದಿಯನ್ನು ಕೋಶಕೇಂದ್ರದ ಕಡೆಗೆ ದಾಟಿಸುತ್ತದೆ. ಇಲ್ಲಿ ಗಮನಿಸಬೇಕಾದ ಸಂಖ್ಯೆಯೊಂದಿದೆ. ಈ ಹಾರ್ಮೋನಿಗಾಗಿಯೇ ಕಾದಿರುವ ಅಸ್ಥಿಮಜ್ಜೆಯ ಎಳೆಯ ಕೋಶದ ಮೇಲೂ ಇಂಥ ಗ್ರಾಹಿಗಳು ಇರುವುದು ಸಾವಿರದ ಆಸುಪಾಸಿನಲ್ಲಿ, ಹಲವು ಬಾರಿ ಅದಕ್ಕಿಂತಲೂ ಕಡಿಮೆ. ಜೀವಕೋಶದ ಲೆಕ್ಕದಲ್ಲಿ ಇದು ತೀರಾ ಅಲ್ಪ.

ಅಂಗಾಂಶದಲ್ಲಿ ಒಂದು ಪ್ರೋಟೀನು ಎಲ್ಲಿದೆ ಎಂದು ಕಣ್ಣಿಂದ ನೋಡುವ ಆಸೆ ಹಳೆಯದು. 1941ರಲ್ಲಿ ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ ನ್ಯುಮೋಕಾಕಸ್ ಬ್ಯಾಕ್ಟೀರಿಯಕ್ಕೆ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವೊಂದನ್ನು ಕಟ್ಟಿದರು. ಸೂಕ್ಷ್ಮದರ್ಶಕದಡಿ ಪ್ರತಿಕಾಯ ಹೋದಲ್ಲೆಲ್ಲ ಬೆಳಕು ಕಂಡಿತು. 1966ರಲ್ಲಿ ಪಾಲ್ ನಕಾನೆ ಮತ್ತು ಬ್ಯಾರಿ ಪಿಯರ್ಸ್ ಹೊಳೆಯುವ ಬಣ್ಣದ ಬದಲು ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಕಟ್ಟಿದರು. ಈ ಕಿಣ್ವ ತನ್ನ ಸುತ್ತ ಬಣ್ಣದ ವಸ್ತುವನ್ನು ಒಸರುತ್ತಾ ಹೋಗುವುದರಿಂದ ಸಾಮಾನ್ಯ ಸೂಕ್ಷ್ಮದರ್ಶಕವೇ ಸಾಕಾಯಿತು, ಸ್ಲೈಡುಗಳನ್ನು ವರ್ಷಗಟ್ಟಲೆ ಇಡುವುದೂ ಸಾಧ್ಯವಾಯಿತು. ರೋಗನಿದಾನದ ಪ್ರಯೋಗಾಲಯಗಳಲ್ಲಿ ಇಂದಿಗೂ ನಡೆಯುತ್ತಿರುವುದು ಮುಖ್ಯವಾಗಿ ಇದೇ ಕ್ರಮ. ಅದಕ್ಕೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ಉದ್ದನೆಯ ಹೆಸರು. ಲ್ಯಾಬಿನವರ ಬಾಯಲ್ಲಿ ಐಎಚ್‌ಸಿ.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕು ಮೊದಲು ಫಾರ್ಮಲಿನ್‌ನಲ್ಲಿ ನೆನೆಯುತ್ತದೆ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬಂಧಿಸಿ, ಕೊಳೆಯದಂತೆ ಹಿಡಿದಿಡುತ್ತದೆ. ಆಮೇಲೆ ನೀರಿನಂಶ ತೆಗೆದು ಪ್ಯಾರಾಫಿನ್ ಮೇಣ ತುಂಬಿಸಿ ಅಚ್ಚು ಮಾಡುತ್ತಾರೆ. ಆ ಅಚ್ಚಿನಿಂದ ಒಂದು ಮಿಲಿಮೀಟರಿನ ಇನ್ನೂರೈವತ್ತನೆಯ ಒಂದು ಭಾಗದಷ್ಟು ತೆಳುವಾದ ಪದರವನ್ನು ಕತ್ತರಿಸಿ ಗಾಜಿನ ಮೇಲೆ ಹರಡುತ್ತಾರೆ. ಮೇಣ ಕರಗಿಸಿದರೂ ಕೆಲಸ ಮುಗಿಯುವುದಿಲ್ಲ. ಫಾರ್ಮಲಿನ್ ಹಾಕಿದ ಬಂಧಗಳ ನಡುವೆ ಪ್ರತಿಕಾಯ ಹಿಡಿಯಬೇಕಾದ ಜಾಗ ಮುಚ್ಚಿಹೋಗಿರುತ್ತದೆ. 1991ರಲ್ಲಿ ಶಾನ್-ರಾಂಗ್ ಶಿ, ಮಾರ್ಕ್ ಕೀ ಮತ್ತು ಕೃಷನ್ ಕಾಲ್ರಾ ಸ್ಲೈಡನ್ನು ದ್ರಾವಣದಲ್ಲಿಟ್ಟು ಮೈಕ್ರೋವೇವ್‌ನಲ್ಲಿ ಕಾಯಿಸಿದರೆ ಆ ಜಾಗಗಳು ಮತ್ತೆ ತೆರೆದುಕೊಳ್ಳುತ್ತವೆ ಎಂದು ತೋರಿಸಿದರು. ದಶಕಗಳಿಂದ ಆಸ್ಪತ್ರೆಗಳ ಕಪಾಟಿನಲ್ಲಿ ಕೂತಿದ್ದ ಮೇಣದ ಅಚ್ಚುಗಳಿಂದ ಹೊಸ ಪ್ರಶ್ನೆಗಳಿಗೆ ಉತ್ತರ ಕೇಳಲು ಬಂದದ್ದು ಈ ಒಂದು ಸರಳ ಉಪಾಯದಿಂದ. ಇಷ್ಟು ಪ್ರಭಾವ ಬೀರಿಯೂ ಇಷ್ಟು ಕಡಿಮೆ ಹೆಸರು ಪಡೆದ ಶೋಧ ಜೀವವಿಜ್ಞಾನದಲ್ಲಿ ವಿರಳ.

ಕಾಯಿಸಿ ತಣಿಸಿದ ಮೇಲೆ ಹೈಡ್ರೊಜನ್ ಪೆರಾಕ್ಸೈಡ್ ಹಾಕುತ್ತಾರೆ. ಕೆಂಪು ರಕ್ತಕಣಗಳಲ್ಲೂ ಕೆಲವು ಬಿಳಿಯ ರಕ್ತಕಣಗಳಲ್ಲೂ ಪೆರಾಕ್ಸಿಡೇಸಿನ ಗುಣ ಮೊದಲೇ ಇರುವುದರಿಂದ ಅದನ್ನು ಅಡಗಿಸದಿದ್ದರೆ ಅವೇ ಬಣ್ಣ ಕಟ್ಟುತ್ತವೆ. ನಂತರ ಗ್ರಾಹಿಯನ್ನು ಹುಡುಕುವ ಪ್ರತಿಕಾಯ, ಅದರ ಬೆನ್ನಿಗೆ ಆ ಪ್ರತಿಕಾಯವನ್ನೇ ಹಿಡಿಯುವ, ಕಿಣ್ವ ಹೊತ್ತ ಎರಡನೆಯ ಪ್ರತಿಕಾಯ. ಕೊನೆಗೆ ಡ್ಯಾಬ್ ಎಂಬ ರಾಸಾಯನಿಕ. ಕಿಣ್ವ ಇದ್ದಲ್ಲಿ ಡ್ಯಾಬ್ ಕರಗದ ಕಂದು ಕಣಗಳಾಗಿ ನಿಲ್ಲುತ್ತದೆ. ಹಿನ್ನೆಲೆಯ ಕೋಶಕೇಂದ್ರಗಳಿಗೆ ಹೆಮಟಾಕ್ಸಿಲಿನ್‌ನಿಂದ ನೀಲಿ ಬಣ್ಣ.

ಈ ಸರಣಿಯಲ್ಲಿ ಒಂದು ಹೆಜ್ಜೆಯಲ್ಲೂ ಯಾರೂ ಗ್ರಾಹಿಯನ್ನು ನೇರವಾಗಿ ನೋಡುವುದಿಲ್ಲ. ಕಂದು ಬಣ್ಣ ಹೇಳುವುದು ಇಷ್ಟೇ: ಇಲ್ಲಿ ಕಿಣ್ವವಿದೆ, ಆದ್ದರಿಂದ ಎರಡನೆಯ ಪ್ರತಿಕಾಯವಿದೆ, ಆದ್ದರಿಂದ ಮೊದಲನೆಯದು ಇಲ್ಲಿ ಏನನ್ನೋ ಹಿಡಿದು ಕೂತಿದೆ. ಆ ‘ಏನೋ’ ಗ್ರಾಹಿಯೇ ಎಂಬುದಕ್ಕೆ ಬಣ್ಣದಲ್ಲಿ ಪುರಾವೆ ಇಲ್ಲ. ಶೀಶೆಯ ಮೇಲಿನ ಹೆಸರೂ ಪುರಾವೆಯಲ್ಲ. ಪ್ರತಿಕಾಯವನ್ನು ಯಾವುದರ ವಿರುದ್ಧ ಬೆಳೆಸಿದರು ಎಂಬುದನ್ನಷ್ಟೇ ಅದು ತಿಳಿಸುತ್ತದೆ.

ಸಿ-20ಯನ್ನು ಬೆಳೆಸಿದ್ದು ಮೊಲಗಳಲ್ಲಿ. ಗ್ರಾಹಿಯ ಇಡೀ ಪ್ರೋಟೀನನ್ನು ಶುದ್ಧಮಾಡಿ ಚುಚ್ಚುವುದು ಕಷ್ಟ, ದುಬಾರಿ. ಅದಕ್ಕೆ ಅದರ ಬಾಲದ ತುದಿಯಲ್ಲಿರುವ ಅಮೈನೊ ಆಮ್ಲಗಳ ಚಿಕ್ಕ ತುಂಡನ್ನು ಯಂತ್ರದಲ್ಲಿ ಜೋಡಿಸಿ ಮೊಲಕ್ಕೆ ಕೊಡುತ್ತಾರೆ. ಮೊಲದ ರಕ್ತದಲ್ಲಿ ಆ ತುಂಡನ್ನು ಹಿಡಿಯುವ ಹಲವು ಬಗೆಯ ಪ್ರತಿಕಾಯಗಳು ಹುಟ್ಟುತ್ತವೆ. ಇದು ತಪ್ಪು ವಿಧಾನವೇನಲ್ಲ. ಸಾವಿರಾರು ಪ್ರತಿಕಾಯಗಳು ಹೀಗೇ ತಯಾರಾಗಿವೆ. ಆದರೆ ಇಂಥ ಪ್ರತಿಕಾಯ ಗುರುತಿಸುವುದು ಸಾಲಾಗಿ ನಿಂತ ಕೆಲವೇ ಅಮೈನೊ ಆಮ್ಲಗಳನ್ನು. ಬಸ್ಸಿನ ಬೋರ್ಡಿನಲ್ಲಿ ಕೊನೆಯ ‘ಪುರ’ ಮಾತ್ರ ಕಂಡರೆ ಅದು ಚಿಕ್ಕಬಳ್ಳಾಪುರದ್ದೋ ವಿಜಯಪುರದ್ದೋ ಹೇಳುವುದು ಹೇಗೆ? ಮನುಷ್ಯ ದೇಹದ ಸುಮಾರು ಇಪ್ಪತ್ತು ಸಾವಿರ ಪ್ರೋಟೀನು ಜೀನುಗಳಲ್ಲಿ ಇಂಥದೇ ಸಾಲು, ಅಥವಾ ಇದನ್ನು ಹೋಲುವ ಸಾಲು, ಇನ್ನೆಲ್ಲೋ ಇರಬಹುದು.

ಇದರ ಮೇಲೆ, ಸಿ-20 ಹುಡುಕುವುದು ಗ್ರಾಹಿಯ ಒಳಗಿನ ತುದಿಯನ್ನು. ಕೋಶದ ಮೇಲ್ಮೈಯಲ್ಲಿ ಗ್ರಾಹಿ ಇದೆಯೇ, ಹಾರ್ಮೋನಿಗೆ ಕೈಚಾಚಿ ನಿಂತಿದೆಯೇ ಎಂಬುದು ಚಿಕಿತ್ಸೆಯ ದೃಷ್ಟಿಯಿಂದ ನಿಜವಾದ ಪ್ರಶ್ನೆ. ಈ ಗ್ರಾಹಿಯ ಬಹುಪಾಲು ಮೇಲ್ಮೈಗೆ ಬಾರದೆ ಕೋಶದೊಳಗೇ ಉಳಿದು ನಾಶವಾಗುತ್ತದೆ ಎಂಬುದು ತಿಳಿದದ್ದೇ. ಹಾಗಾಗಿ ಪ್ರತಿಕಾಯ ಸರಿಯಾಗಿಯೇ ಹಿಡಿದಿದ್ದರೂ, ಕೋಶದ ಒಳಗೆಲ್ಲ ಹರಡಿದ ಕಂದು ಬಣ್ಣದಿಂದ ಮೇಲ್ಮೈಯ ಸಂಗತಿ ತಿಳಿಯುತ್ತಿರಲಿಲ್ಲ.

2000ದ ಆಸುಪಾಸಿನಿಂದ ಸ್ತನ, ಶ್ವಾಸಕೋಶ ಮುಂತಾದ ಅಂಗಗಳ ಕ್ಯಾನ್ಸರಿನಲ್ಲಿ, ಮೆದುಳು ಮತ್ತು ಹೃದಯದ ಅಂಗಾಂಶದಲ್ಲಿ ಎರಿತ್ರೊಪೊಯೆಟಿನ್ ಗ್ರಾಹಿ ಕಂಡಿತೆಂಬ ವರದಿಗಳು ಒಂದರ ಹಿಂದೊಂದು ಬಂದವು. ಹಲವು ವರದಿಗಳಲ್ಲಿ ಆಧಾರ ಇಂಥ ಮಾರುಕಟ್ಟೆಯ ಪ್ರತಿಕಾಯಗಳೇ. ಒಂದು ಗುಂಪು ಬಳಸಿ ಪ್ರಕಟಿಸಿದೆ ಎಂಬುದೇ ಮುಂದಿನ ಗುಂಪಿಗೆ ಭರವಸೆಯಾಯಿತು.

2006ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಸ್ಟೀವ್ ಎಲಿಯಟ್ ಮತ್ತು ಸಂಗಡಿಗರು ಮಾಡಿದ್ದು ಬಹಳ ಮೂಲಭೂತವಾದ ಪರೀಕ್ಷೆ: ತೂಕ. ಕೋಶಗಳ ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಜೆಲ್‌ನಲ್ಲಿ ಬೇರ್ಪಡಿಸಿ, ಪೊರೆಯೊಂದಕ್ಕೆ ವರ್ಗಾಯಿಸಿ, ಪ್ರತಿಕಾಯ ಯಾವ ಗಾತ್ರದ ಪಟ್ಟಿಗೆ ಅಂಟುತ್ತದೆಂದು ನೋಡುವ ಈ ವಿಧಾನಕ್ಕೆ ವೆಸ್ಟರ್ನ್ ಬ್ಲಾಟ್ ಎನ್ನುತ್ತಾರೆ. ಗ್ರಾಹಿಯ ಅಂದಾಜು ತೂಕ 56–57 ಕಿಲೋಡಾಲ್ಟನ್. ಅದುವರೆಗಿನ ವರದಿಗಳಲ್ಲಿ ‘ಗ್ರಾಹಿ’ ಎಂದು ತೋರಿಸಿದ ಪಟ್ಟಿಗಳ ತೂಕ 66ರಿಂದ 78. ಪ್ರೋಟೀನಿಗೆ ಸಕ್ಕರೆಯ ಅಣುಗಳು ಅಂಟಿ ತೂಕ ಸ್ವಲ್ಪ ಏರುವುದುಂಟು. ಆ ವಿವರಣೆ ಇಲ್ಲಿ ನಿಲ್ಲಲಿಲ್ಲ. ಗ್ರಾಹಿ ನಿಜವಾಗಿ ಇರುವ ಕೋಶಗಳಲ್ಲಿ ಸಿಕ್ಕಿದ ಪಟ್ಟಿ 59ರ ಹತ್ತಿರ ಇತ್ತು. ಸಿ-20 ಕ್ಯಾನ್ಸರ್ ಕೋಶಗಳಲ್ಲಿ 35, 66 ಮತ್ತು 100ರ ಮೂರು ಪಟ್ಟಿಗಳನ್ನು ಹಿಡಿಯುತ್ತಿತ್ತು; 59ರದ್ದು ಅವುಗಳಲ್ಲಿ ಇರಲಿಲ್ಲ.

ಆ 66ರ ಪಟ್ಟಿಯನ್ನು ಕತ್ತರಿಸಿ ಅದರ ಅಮೈನೊ ಆಮ್ಲಗಳ ಸಾಲು ಓದಿದಾಗ ಸಿಕ್ಕಿದ್ದು ಎಚ್‌ಎಸ್‌ಪಿ70. ಕೋಶಕ್ಕೆ ಬಿಸಿ ತಾಗಿದಾಗ, ಆಮ್ಲಜನಕ ಸಾಲದಾದಾಗ, ಬೇರೆ ಪ್ರೋಟೀನುಗಳು ಮಡಿಕೆ ಕೆಟ್ಟು ಹಾಳಾಗದಂತೆ ಕಾಯುವ ಪ್ರೋಟೀನು ಅದು. ಎಚ್‌ಎಸ್‌ಪಿ70ಯಲ್ಲಿ ಗ್ರಾಹಿಯನ್ನು ಹೋಲುವ ತುಂಡುಗಳಿದ್ದವು. ಆ ತುಂಡುಗಳನ್ನು ಸೇರಿಸಿದಾಗ ಸಿ-20 ತನ್ನ ಹಿಡಿತ ಬಿಟ್ಟಿತು. ಪರೀಕ್ಷಿಸಿದ ಇತರ ಪ್ರತಿಕಾಯಗಳೂ ಗ್ರಾಹಿಯಲ್ಲದ ಪ್ರೋಟೀನುಗಳಿಗೆ ಅಂಟುತ್ತಿದ್ದವು. ಎಂ-20 ಎಂಬುದು ಬ್ಲಾಟ್‌ನಲ್ಲಿ ಸರಿಯಾದ ತೂಕದ ಗ್ರಾಹಿಯನ್ನೂ ಹಿಡಿಯುತ್ತಿತ್ತು, ಬೇರೆಯವನ್ನೂ ಹಿಡಿಯುತ್ತಿತ್ತು. ಬ್ಲಾಟ್‌ನಲ್ಲಾದರೆ ತೂಕ ನೋಡಿ ಸುಳ್ಳನ್ನು ಬೇರ್ಪಡಿಸಬಹುದು. ಅಂಗಾಂಶದ ಸ್ಲೈಡಿನಲ್ಲಿ ತೂಕವಿಲ್ಲ, ಎಲ್ಲವೂ ಒಂದೇ ಕಂದು. ಆದ್ದರಿಂದ ಇವುಗಳಲ್ಲಿ ಯಾವುದೂ ಅಂಗಾಂಶದ ಪರೀಕ್ಷೆಗೆ ತಕ್ಕುದಲ್ಲ ಎಂದು ಅವರು ಬರೆದರು.

ಇಲ್ಲಿ ಮನಸ್ಸು ಕಲಕುವ ಸಂಗತಿಯೊಂದಿದೆ. ಹಲವು ಕ್ಯಾನ್ಸರ್‌ಗಳಲ್ಲಿ, ಅದರಲ್ಲೂ ಉಗ್ರವಾದ ಗಡ್ಡೆಗಳಲ್ಲಿ, ಎಚ್‌ಎಸ್‌ಪಿ70 ಹೆಚ್ಚಾಗಿರುತ್ತದೆ. ಹಾಗಾದರೆ 104 ರೋಗಿಗಳ ತುಣುಕಿನಲ್ಲಿ ಕಂಡ ಕಂದು ಬಣ್ಣ ಗಡ್ಡೆಯ ಉಗ್ರತೆಯ ಗುರುತಾಗಿದ್ದಿರಬಹುದು. ಬಣ್ಣಕ್ಕೂ ಕೆಟ್ಟ ಫಲಿತಾಂಶಕ್ಕೂ ಇದ್ದ ನಂಟು ನಿಜವಾದ ನಂಟೇ ಆಗಿದ್ದು, ಅದರ ಅರ್ಥ ಮಾತ್ರ ಬೇರೆ ಇದ್ದಿರಬಹುದು.

ಎಲಿಯಟ್ ಕೆಲಸ ಮಾಡುತ್ತಿದ್ದದ್ದು ಆಮ್ಜೆನ್‌ನಲ್ಲಿ, ಎರಿತ್ರೊಪೊಯೆಟಿನ್ ಮಾರುವ ಕಂಪನಿಯಲ್ಲಿ. ಕ್ಯಾನ್ಸರ್ ಕೋಶದ ಮೇಲೆ ಗ್ರಾಹಿ ಇಲ್ಲ ಎಂದರೆ ಕಂಪನಿಗೆ ಅನುಕೂಲವೆಂಬುದು ಯಾರಿಗೂ ಹೊಳೆಯುವ ಮಾತು. ಆದರೆ ಆ ಪ್ರಯೋಗಗಳನ್ನು ಬೇರೆಯವರು ಮಾಡಿ ನೋಡಬಹುದಿತ್ತು. 2007ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕುರಿತ ಅಧ್ಯಯನವೊಂದು ಇಂಥ ಪ್ರತಿಕಾಯಗಳ ನಿಖರತೆಯನ್ನೇ ಪ್ರಶ್ನಿಸಿತು. 2010ರಲ್ಲಿ ಎಲಿಯಟ್ ಗುಂಪು ಎ82 ಎಂಬ ಹೊಸ ಪ್ರತಿಕಾಯವನ್ನು ಮುಂದಿಟ್ಟಿತು. ಇದು ಒಂದೇ ಕೋಶಸಂತತಿಯಿಂದ ಬರುವ, ಗ್ರಾಹಿಯ ಅತ್ಯಲ್ಪ ಪ್ರಮಾಣವನ್ನೂ ಹಿಡಿಯಬಲ್ಲ ಪ್ರತಿಕಾಯ. ಅದನ್ನು ಬಳಸಿ ನೋಡಿದಾಗ ಪ್ರಯೋಗಾಲಯದಲ್ಲಿ ಬೆಳೆಸುವ ಹೆಚ್ಚಿನ ಕ್ಯಾನ್ಸರ್ ಕೋಶಗಳಲ್ಲಿ ಗ್ರಾಹಿ ಇಲ್ಲ, ಇದ್ದರೂ ತೀರಾ ಕಡಿಮೆ ಎಂದು ಅವರು ವರದಿ ಮಾಡಿದರು. ಇದನ್ನು ಒಪ್ಪದ ಗುಂಪುಗಳೂ ಇವೆ. ರೋಗಿಗಳಿಗಾದ ಹಾನಿಯ ಬಗ್ಗೆ ಮಾತ್ರ ಅನುಮಾನವಿರಲಿಲ್ಲ. ಸ್ಲೈಡಿನ ವಾದ ಮುಗಿಯಲೆಂದು ಕಾಯದೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರ ಮಾರ್ಚ್‌ನಲ್ಲಿ ಈ ಔಷಧಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಅದು ಸರಿಯಾದ ಕ್ರಮ. ಕಾರಣ ತಿಳಿಯುವ ಮೊದಲೇ ಹಾನಿಯನ್ನು ತಡೆಯಬಹುದು.

ಎಲ್ಲ ಗ್ರಾಹಿಗಳೂ ಇಷ್ಟು ಕಾಡುವುದಿಲ್ಲ. ಸ್ತನ ಕ್ಯಾನ್ಸರಿನ ರೋಗಿಗಳು ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಕೈಯಲ್ಲಿ ಹಿಡಿದು ಬರುವ ರಿಪೋರ್ಟಿನಲ್ಲಿ ‘ಹರ್-2’ ಎಂಬ ಸಾಲು ಇರುತ್ತದೆ. ಅದೂ ಕೋಶದ ಮೇಲ್ಮೈಯ ಗ್ರಾಹಿಯೇ. ಅದನ್ನು ಕಾಣಿಸುವುದೂ ಪ್ರತಿಕಾಯ ಮತ್ತು ಕಂದು ಬಣ್ಣವೇ. 1987ರಲ್ಲಿ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು 189 ಗಡ್ಡೆಗಳನ್ನು ಪರೀಕ್ಷಿಸಿ, ಸುಮಾರು ಶೇ. 30ರಲ್ಲಿ ಹರ್-2 ಜೀನಿನ ಪ್ರತಿಗಳು ಹೆಚ್ಚಾಗಿವೆ, ಅಂಥ ರೋಗ ಬೇಗ ಮರುಕಳಿಸುತ್ತದೆ ಎಂದು ತೋರಿಸಿದರು. ಆ ಗ್ರಾಹಿಯನ್ನು ತಡೆಯುವ ಟ್ರಾಸ್ಟುಜುಮಾಬ್ 1998ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದಾಗ, ಯಾರಿಗೆ ಕೊಡಬೇಕೆಂದು ನಿರ್ಧರಿಸುವ ಹರ್ಸೆಪ್‌ಟೆಸ್ಟ್ ಎಂಬ ಅಂಗಾಂಶ ಪರೀಕ್ಷೆಗೂ ಒಟ್ಟಿಗೇ ಪರವಾನಗಿ ದೊರೆಯಿತು. ಆ ಪರೀಕ್ಷೆಯ ಪ್ರತಿಕಾಯವೂ ಮೊಲದಿಂದ ಬಂದದ್ದೇ, ಅದೂ ಹಲವು ಬಗೆಯ ಪ್ರತಿಕಾಯಗಳ ಮಿಶ್ರಣವೇ.

ಹಾಗಿದ್ದೂ ಅದು ಕೆಲಸ ಮಾಡಿತು. ಮುಖ್ಯ ಕಾರಣ ಸಂಖ್ಯೆ. ಸಾಮಾನ್ಯ ಸ್ತನ ಕೋಶದ ಮೇಲೆ ಹರ್-2 ಹತ್ತಾರು ಸಾವಿರ ಇರುತ್ತದೆ. ಜೀನು ಹೆಚ್ಚಾದ ಕ್ಯಾನ್ಸರ್ ಕೋಶದ ಮೇಲೆ ಇಪ್ಪತ್ತು ಲಕ್ಷದವರೆಗೆ ಏರಬಹುದು. ಪ್ರತಿಕಾಯ ಅಲ್ಲಲ್ಲಿ ತಪ್ಪಾಗಿ ಅಂಟಿದರೂ ಇಪ್ಪತ್ತು ಲಕ್ಷದ ಮುಂದೆ ಅದು ಕಾಣುವುದಿಲ್ಲ. ಎರಿತ್ರೊಪೊಯೆಟಿನ್ ಗ್ರಾಹಿಯಂತೆ ನೂರರ ಲೆಕ್ಕದಲ್ಲಿರುವ ಪ್ರೋಟೀನನ್ನು ಹುಡುಕುವಾಗ, ಎಚ್‌ಎಸ್‌ಪಿ70ಯಂತೆ ಧಾರಾಳವಾಗಿರುವ ಪ್ರೋಟೀನಿಗೆ ಒಂದಿಷ್ಟೇ ಒಲವು ಇದ್ದರೂ ಬಣ್ಣವೆಲ್ಲ ಅದರದ್ದೇ ಆಗಿಬಿಡುತ್ತದೆ. ಪ್ರತಿಕಾಯ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಒಂಟಿ ಉತ್ತರವಿಲ್ಲ. ಯಾವ ಕೋಶದಲ್ಲಿ, ಎಷ್ಟು ಪ್ರಮಾಣದ ನಡುವೆ, ಯಾವ ವಿಧಾನದಲ್ಲಿ ಎಂಬುದನ್ನು ಸೇರಿಸಿಯೇ ಕೇಳಬೇಕು.

ಎರಡನೆಯ ಕಾರಣ ಶಿಸ್ತು. ಹರ್ಸೆಪ್‌ಟೆಸ್ಟ್ ಪೆಟ್ಟಿಗೆಯಲ್ಲೇ ಮೂರು ಬಗೆಯ ಕೋಶಗಳಿರುವ ಸ್ಲೈಡು ಬರುತ್ತದೆ: ಗ್ರಾಹಿ ತುಂಬಿರುವ ಕೋಶ, ಅಲ್ಪಸ್ವಲ್ಪ ಇರುವ ಕೋಶ, ಇಲ್ಲವೆನ್ನುವಷ್ಟು ಕಡಿಮೆ ಇರುವ ಕೋಶ. ರೋಗಿಯ ಸ್ಲೈಡಿನ ಜೊತೆ ಅದಕ್ಕೂ ಬಣ್ಣ ಹಾಕಬೇಕು. ಅದು ಸರಿಬರದಿದ್ದರೆ ರೋಗಿಯ ಫಲಿತಾಂಶವನ್ನು ಓದುವಂತಿಲ್ಲ. ಕೋಶಪೊರೆಯ ಸುತ್ತ ಗಾಢವಾದ ಪೂರ್ಣ ಗೆರೆ ಇದ್ದರೆ 3+. ಮಂಕಾಗಿದ್ದು 2+ ಎನಿಸಿದರೆ ಜೀನಿನ ಪ್ರತಿಗಳನ್ನೇ ಎಣಿಸುವ ಫಿಶ್ ಪರೀಕ್ಷೆಗೆ ಕಳಿಸುತ್ತಾರೆ. ಇಷ್ಟಾದರೂ, 2007ರಲ್ಲಿ ಅಮೆರಿಕದ ತಜ್ಞರು ಮಾರ್ಗಸೂಚಿ ಬರೆದಾಗ, ಅಂದು ನಡೆಯುತ್ತಿದ್ದ ಹರ್-2 ಪರೀಕ್ಷೆಗಳಲ್ಲಿ ಸುಮಾರು ಶೇ. 20 ತಪ್ಪಿರಬಹುದೆಂದು ಅಂದಾಜಿಸಿದ್ದರು. ಬಹಳಷ್ಟು ತಪ್ಪು ಹುಟ್ಟುವುದು ಪ್ರತಿಕಾಯ ತಾಗುವ ಮೊದಲೇ. ತುಣುಕು ಫಾರ್ಮಲಿನ್ ಸೇರಲು ಒಂದು ಗಂಟೆಗಿಂತ ತಡವಾಗಬಾರದು. ಅದರಲ್ಲಿ 6 ಗಂಟೆಗಿಂತ ಕಡಿಮೆ ಇರಬಾರದು, 72 ಗಂಟೆ ಮೀರಬಾರದು ಎನ್ನುತ್ತವೆ ನಂತರದ ಸೂಚನೆಗಳು. ಸಂಜೆ ಶಸ್ತ್ರಚಿಕಿತ್ಸೆ ಮುಗಿಸಿ ತುಣುಕನ್ನು ದೂರದ ಲ್ಯಾಬಿಗೆ ಕಳಿಸುವ ಸಣ್ಣ ಊರಿನ ಆಸ್ಪತ್ರೆಗೆ ಈ ಗಂಟೆಗಳ ಲೆಕ್ಕ ಬಲು ಮುಖ್ಯ. ಡಬ್ಬಿಯ ಮೇಲೆ ಫಾರ್ಮಲಿನ್‌ಗೆ ಹಾಕಿದ ಸಮಯ ಬರೆಯುವ ನರ್ಸ್ ಕೂಡ ಆ ರೋಗಿಯ ಔಷಧದ ನಿರ್ಧಾರದಲ್ಲಿ ಪಾಲುದಾರಳು.

ಆಸ್ಪತ್ರೆಯ ಪರೀಕ್ಷೆಗೆ ಇರುವ ಈ ಕಾವಲು ಸಂಶೋಧನೆಗೆಂದು ಮಾರುವ ಪ್ರತಿಕಾಯಗಳಿಗೆ ಬಹುಕಾಲ ಇರಲಿಲ್ಲ. 2009ರಲ್ಲಿ ಔಷಧಶಾಸ್ತ್ರದ ಜರ್ಮನ್ ಪತ್ರಿಕೆಯೊಂದರ ಒಂದೇ ಸಂಚಿಕೆಯಲ್ಲಿ ಹಲವು ಗುಂಪುಗಳು ಅಡ್ರಿನಾಲಿನ್, ಡೋಪಮಿನ್, ಅಸಿಟೈಲ್‌ಕೋಲಿನ್ ಮುಂತಾದವುಗಳ ಗ್ರಾಹಿಗಳಿಗೆ ಮಾರಾಟವಾಗುತ್ತಿದ್ದ ಪ್ರತಿಕಾಯಗಳನ್ನು ಪರೀಕ್ಷೆಗೆ ಹಚ್ಚಿದವು. ಸಂಪಾದಕೀಯ ಕೊಟ್ಟ ಲೆಕ್ಕ: 19 ಬಗೆಯ ಗ್ರಾಹಿಗಳ 49 ಪ್ರತಿಕಾಯಗಳು ತಮ್ಮ ಗುರಿಯನ್ನು ಬೇರೆಯದರಿಂದ ಬೇರ್ಪಡಿಸಿ ಹಿಡಿಯಲಾರವು. ಅಸಿಟೈಲ್‌ಕೋಲಿನ್ನಿನ ಮಸ್ಕರಿನಿಕ್ ಗ್ರಾಹಿಗಳ ಪ್ರಯೋಗವೇ ಅತ್ಯಂತ ಸ್ಪಷ್ಟವಾದದ್ದು. ಆ ಗ್ರಾಹಿಯ ಜೀನನ್ನೇ ಕಿತ್ತುಹಾಕಿದ ಇಲಿಗಳ ಅಂಗಾಂಶದಲ್ಲೂ ಪ್ರತಿಕಾಯಗಳು ಬಣ್ಣ ಮೂಡಿಸಿದವು. ಇಲ್ಲದ ಪ್ರೋಟೀನು ಬಣ್ಣ ಪಡೆಯುವುದಕ್ಕೆ ಸಾಧ್ಯವೇ ಇಲ್ಲ.

ಅದಕ್ಕೂ ಮೊದಲು ಹೆಚ್ಚಿನವರು ನೆಚ್ಚಿದ್ದು ಇನ್ನೊಂದು ಪರೀಕ್ಷೆಯನ್ನು. ಮೊಲಕ್ಕೆ ಕೊಟ್ಟ ಅದೇ ಅಮೈನೊ ಆಮ್ಲಗಳ ತುಂಡನ್ನು, ಅಂದರೆ ಪೆಪ್ಟೈಡನ್ನು, ಪ್ರತಿಕಾಯದೊಂದಿಗೆ ಮೊದಲೇ ಬೆರೆಸುವುದು. ಬಣ್ಣ ಮಾಯವಾದರೆ ಪ್ರತಿಕಾಯ ನಿಖರ ಎಂದು ತೀರ್ಮಾನಿಸುವುದು. ಅಸಂಖ್ಯ ಲೇಖನಗಳಲ್ಲಿ ಈ ಜೋಡಿ ಚಿತ್ರಗಳಿವೆ. ತರ್ಕ ಮಾತ್ರ ಪೊಳ್ಳು. ಪ್ರತಿಕಾಯದ ಹಿಡಿಯುವ ತುದಿಯನ್ನು ಪೆಪ್ಟೈಡ್ ತುಂಬಿಬಿಟ್ಟರೆ ಅದು ನಿಜವಾದ ಗ್ರಾಹಿಯನ್ನೂ ಹಿಡಿಯಲಾರದು, ಗ್ರಾಹಿಯನ್ನು ಹೋಲುವ ಬೇರೆ ಪ್ರೋಟೀನನ್ನೂ ಹಿಡಿಯಲಾರದು. ಎರಡೂ ಸಂದರ್ಭದಲ್ಲಿ ಬಣ್ಣ ಅಳಿಯುತ್ತದೆ.

ಜೀನು ಕಿತ್ತ ಪ್ರಾಣಿಯೇ ಉತ್ತಮ ಸಾಕ್ಷಿ. ಆದರೆ ಎರಿತ್ರೊಪೊಯೆಟಿನ್ ಗ್ರಾಹಿಯ ವಿಷಯದಲ್ಲಿ ಅದೂ ಸುಲಭವಿರಲಿಲ್ಲ. ಅದಿಲ್ಲದ ಇಲಿಯ ಭ್ರೂಣ ರಕ್ತ ಕಟ್ಟಲಾರದೆ ಸುಮಾರು 13ನೆಯ ದಿನಕ್ಕೆ ಸಾಯುತ್ತದೆ ಎಂದು 1995ರಲ್ಲಿ ಲೋಡಿಶ್ ಪ್ರಯೋಗಾಲಯ ಕಂಡುಕೊಂಡಿತ್ತು. 2002ರಲ್ಲಿ ಜಪಾನಿನ ಮಸಾಯುಕಿ ಯಾಮಾಮೊಟೊ ಅವರ ಗುಂಪು ಇದಕ್ಕೊಂದು ಚೆಂದದ ದಾರಿ ಹುಡುಕಿತು. ರಕ್ತ ಕಟ್ಟುವ ಕೋಶಗಳಲ್ಲಿ ಮಾತ್ರ ಗ್ರಾಹಿಯನ್ನು ಮರಳಿಸಿ, ಉಳಿದೆಲ್ಲ ಅಂಗಾಂಶಗಳಲ್ಲಿ ಇಲ್ಲದಂತೆ ಇಟ್ಟರು. ಆ ಇಲಿಗಳು ಬದುಕಿದವು, ಬೆಳೆದವು, ಮರಿ ಹಾಕಿದವು. ಬೇರೆ ಅಂಗಗಳಿಗೆ ಈ ಗ್ರಾಹಿ ಎಷ್ಟರ ಮಟ್ಟಿಗೆ ಬೇಕು ಎಂಬುದಕ್ಕೆ, ಯಾವ ಸ್ಲೈಡೂ ಕೊಡಲಾಗದ ಉತ್ತರ ಅದು.

ಕ್ರಿಸ್ಪರ್ ಎಂಬ ತಂತ್ರ ಬಂದ ಮೇಲೆ ಮನುಷ್ಯರ ಕೋಶಗಳಲ್ಲೇ ಜೀನು ಕತ್ತರಿಸಿ ಹಾಕುವುದು ಕೆಲವು ವಾರಗಳ ಕೆಲಸವಾಗಿದೆ. 2015ರಲ್ಲಿ ಆಂಡ್ರ್ಯೂ ಬ್ರಾಡ್‌ಬರಿ ಮತ್ತು ಆಂಡ್ರಿಯಾಸ್ ಪ್ಲುಕ್ತುನ್, ನೂರಕ್ಕೂ ಹೆಚ್ಚು ವಿಜ್ಞಾನಿಗಳ ಬೆಂಬಲದೊಂದಿಗೆ, ಮೊಲ ಸತ್ತರೆ ಮತ್ತೆ ಸಿಗದ ಪ್ರತಿಕಾಯಗಳನ್ನು ಬಿಟ್ಟು, ಜೀನ್ ಸಾಲು ತಿಳಿದಿರುವ, ಯಾವಾಗ ಬೇಕಾದರೂ ಹಾಗೆಯೇ ತಯಾರಿಸಬಹುದಾದ ರಿಕಾಂಬಿನಂಟ್ ಪ್ರತಿಕಾಯಗಳಿಗೆ ಬದಲಾಗಬೇಕೆಂದು ‘ನೇಚರ್’ನಲ್ಲಿ ಕರೆಕೊಟ್ಟರು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಕಾರ್ಲ್ ಲಫ್ಲಾಮ್ ಮತ್ತು ಸಂಗಡಿಗರು ಮಾರಾಟಗಾರರನ್ನೇ ಜೊತೆಗೆ ಸೇರಿಸಿಕೊಂಡು 65 ಪ್ರೋಟೀನುಗಳ 614 ಪ್ರತಿಕಾಯಗಳನ್ನು, ಜೀನು ಇರುವ ಮತ್ತು ಕಿತ್ತ ಕೋಶಗಳಲ್ಲಿ ಅಕ್ಕಪಕ್ಕ ಇಟ್ಟು ಪರೀಕ್ಷಿಸಿದರು. 2023ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ರಿಕಾಂಬಿನಂಟ್ ಪ್ರತಿಕಾಯಗಳೇ ಮುಂದಿದ್ದವು. ನಿರೀಕ್ಷೆ ಮುಟ್ಟದ ಪ್ರತಿಕಾಯಗಳಲ್ಲಿ ಸುಮಾರು ಶೇ. 20ನ್ನು ಕಂಪನಿಗಳು ಮಾರಾಟದಿಂದ ಹಿಂತೆಗೆದವು, ಸುಮಾರು ಶೇ. 40ರ ಬಳಕೆಯ ಸೂಚನೆಗಳನ್ನು ತಿದ್ದಿದವು. ತಪ್ಪು ಹುಡುಕುವವರೂ ಮಾರುವವರೂ ಒಂದೇ ಮೇಜಿಗೆ ಕೂತದ್ದರಿಂದ ಇದು ಸಾಧ್ಯವಾಯಿತು.

ಆ ಪರೀಕ್ಷೆಗಳು ನಡೆದದ್ದು ಬ್ಲಾಟ್‌ನಲ್ಲಿ, ದ್ರಾವಣದಲ್ಲಿ ಮತ್ತು ತಟ್ಟೆಯಲ್ಲಿ ಬೆಳೆದ ಕೋಶಗಳಲ್ಲಿ. ಫಾರ್ಮಲಿನ್‌ನಲ್ಲಿ ನೆಂದು, ಮೇಣ ಹೊಕ್ಕು, ಕುದಿಯುವ ನೀರಿನ ಹತ್ತಿರದ ಬಿಸಿ ಕಂಡ ಅಂಗಾಂಶ ಬೇರೆಯೇ ಲೋಕ. ಬ್ಲಾಟ್‌ನಲ್ಲಿ ಗೆದ್ದ ಪ್ರತಿಕಾಯ ಅಲ್ಲಿ ಸೋಲಬಹುದು, ಇಲ್ಲಿ ಸೋತದ್ದು ಅಲ್ಲಿ ಗೆಲ್ಲಲೂಬಹುದು. ಆದ್ದರಿಂದ ಗ್ರಾಹಿಯೊಂದನ್ನು ಅಂಗಾಂಶದಲ್ಲಿ ಹುಡುಕಹೊರಟ ಎಚ್ಚರದ ಪ್ರಯೋಗಾಲಯಗಳು ಜೀನು ಇರುವ ಕೋಶಗಳ ಒಂದು ಉಂಡೆ, ಜೀನು ಕಿತ್ತ ಅದೇ ಕೋಶಗಳ ಇನ್ನೊಂದು ಉಂಡೆ ಮಾಡಿಕೊಳ್ಳುತ್ತವೆ. ಎರಡನ್ನೂ ರೋಗಿಯ ತುಣುಕಿನಷ್ಟೇ ಹೊತ್ತು ಫಾರ್ಮಲಿನ್‌ನಲ್ಲಿಟ್ಟು, ಅದೇ ಮೇಣದಲ್ಲಿ ಅಚ್ಚು ಮಾಡಿ, ರೋಗಿಯ ಪದರದ ಪಕ್ಕದಲ್ಲೇ ಒಂದೇ ಗಾಜಿನ ಮೇಲೆ ಇಟ್ಟು ಬಣ್ಣ ಹಾಕುತ್ತವೆ. ಮೊದಲ ಉಂಡೆ ಕಂದಾಗಿ ಎರಡನೆಯದು ನೀಲಿಯಾಗಿಯೇ ಉಳಿದರೆ, ಮೂರನೆಯದನ್ನು ಓದಲು ಶುರುಮಾಡಬಹುದು.